ಒಂದು ಸುತ್ತು ತಡವಾಗಿ

ನಾವು ಮೂವರು ಮೊದಲ ಸಲ ಆನ್‌ಲೈನಿನಲ್ಲಿ ಕೂಡಿ ನುಡಿಸಲು ಕೂತದ್ದು ಒಂದು ಮೇ ತಿಂಗಳ ರಾತ್ರಿ. ನಾನು ಕಲಬುರಗಿಯಲ್ಲಿ, ಒಬ್ಬ ಗೆಳೆಯ ಬೀದರಿನಲ್ಲಿ, ಇನ್ನೊಬ್ಬ ಯಾದಗಿರಿಯಲ್ಲಿ. ನಮ್ಮ ಕಡೆಯ ಮೇ ತಿಂಗಳು ಗೊತ್ತಲ್ಲ, ರಾತ್ರಿ ಹತ್ತಾದರೂ ಗೋಡೆ ಬಿಸಿ ಉಗುಳುತ್ತಿರುತ್ತದೆ. ಕೂಲರ್ ಗರಗರ ತಿರುಗುತ್ತಿತ್ತು. ಒಂದು ವಿಡಿಯೊ ಕಾಲ್ ಆ್ಯಪ್ ತೆರೆದೆವು. ನಾನು ಲ್ಯಾಪ್‌ಟಾಪಿನಿಂದ ತಂಬೂರಿಯಂಥ ಒಂದು ಶ್ರುತಿ ಹಚ್ಚಿದೆ. ಅದರ ಮೇಲೆ ಯಾದಗಿರಿಯವನು ಹಲಗೆ ಬಾರಿಸಬೇಕು, ಬೀದರಿನವನು ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಸಿಂಥಸೈಜರಿನಲ್ಲಿ ಬೇಸ್, ಅಂದರೆ ತಗ್ಗಿನ ಸದ್ದು, ಕೂಡಿಸಬೇಕು ಅಂತ ಮಾತಾಗಿತ್ತು.

ಹತ್ತು ಸೆಕೆಂಡ್ ಆಗಿರಬೇಕು. "ಕೂಲರ್ ಬಂದ್ ಮಾಡ್ದಿ? ಚಲೋ ಆಯ್ತು, ಈಗ ಏನೂ ಸಪ್ಪಳಿಲ್ಲ. ಇನ್ನ ಶ್ರುತಿ ಹಚ್ಚು" ಅಂದ ಬೀದರಿನವನು. ಕೂಲರ್ ತಿರುಗುತ್ತಲೇ ಇತ್ತು. ಶ್ರುತಿಯೂ ನುಡಿಯುತ್ತಲೇ ಇತ್ತು. ಆ್ಯಪ್ ಎರಡನ್ನೂ ನುಂಗಿ ಕೂತಿತ್ತು.

ನಿಜ ಹೇಳಬೇಕೆಂದರೆ ಆ್ಯಪಿನದೇನೂ ತಪ್ಪಿಲ್ಲ. ಅದನ್ನು ಮಾಡಿರುವುದು ಮಾತಿಗೆ. ಮಾತು ನಿಲ್ಲುತ್ತದೆ, ಶುರುವಾಗುತ್ತದೆ, ಏರುತ್ತದೆ, ಇಳಿಯುತ್ತದೆ. ಒಂದೇ ಸಮನೆ ಬರುವ ಸದ್ದು ಫ್ಯಾನಿನದೋ ಕೂಲರಿನದೋ ಇರುತ್ತದೆ ಅಂತ ಆ್ಯಪ್ ತಿಳಿಯುತ್ತದೆ, ತಿಳಿದು ಅಳಿಸಿಬಿಡುತ್ತದೆ. ಪಾಪ, ಒಂದೇ ಸಮನೆ ನುಡಿಯುವುದೇ ಶ್ರುತಿಯ ಕೆಲಸ ಅಲ್ವಾ?

ಅವತ್ತು ಹಲಗೆಯೂ ಕೂಡಲಿಲ್ಲ. ಅದು ಬೇರೆ ಕತೆ, ಇನ್ನೂ ದೊಡ್ಡ ಕತೆ. ಅದನ್ನು ಬಿಡಿಸಿ ಹೇಳುವ ಮೊದಲು, ಇಷ್ಟೆಲ್ಲ ಒದ್ದಾಟ ಯಾಕೆ ಅನ್ನುವುದನ್ನು ಹೇಳಬೇಕು.

ಹಾಡುವವರಿಗೆ ಪೇಟಿಯವರು ಬೇಕು, ಪೇಟಿಯವರಿಗೆ ತಬಲಾದವರು ಬೇಕು. ಹಾಗಾಗಿ ಭಜನಿ ಮೇಳ ತಾನಾಗಿ ಕೂಡುತ್ತದೆ. ಎಲೆಕ್ಟ್ರಾನಿಕ್ ಸಂಗೀತ ಮಾಡುವವನಿಗೆ ಯಾರೂ ಬೇಡ. ಡೋಲು, ಬೇಸು, ಪಿಟೀಲು ಎಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿ, ಎಷ್ಟೋ ಸಲ ಒಂದೇ ಫೋನಿನಲ್ಲಿ. ಕಂಪನಿ ಬೇಡ, ಸ್ಟುಡಿಯೊ ಬಾಡಿಗೆ ಬೇಡ. ಇದೇ ಅವನ ಬಲ, ಇದೇ ಅವನ ಪೀಡೆ. ಯಾರೂ ಬೇಡದವನ ಸುತ್ತ ಬಳಗ ತಾನಾಗಿ ಹುಟ್ಟುವುದಿಲ್ಲ, ಕಟ್ಟಿಕೊಳ್ಳಬೇಕು.

ಯಂತ್ರ ಇದ್ದು ಬಳಗ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ದೇಶದಲ್ಲೇ ಎರಡು ಉದಾಹರಣೆ ಇವೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಸಿಂಥಸೈಜರ್ ಬಂದಿತ್ತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೊ ಹೂಡಿಕೊಟ್ಟಿದ್ದರು. ಗೀತಾ ಸಾರಾಭಾಯಿ ಮುಂತಾದ ಕೆಲವರು ಅದರಲ್ಲಿ ಕೆಲಸ ಮಾಡಿದರು. ಕೆಲವೇ ವರ್ಷಗಳಲ್ಲಿ ಅದು ಮುಗಿಯಿತು. ಟೇಪುಗಳು ದಶಕಗಟ್ಟಲೆ ಕಪಾಟಿನಲ್ಲೇ ಉಳಿದವು. ಎರಡನೆಯದು ಮುಂಬೈಯದು. ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಕೂರಿಸಿದರು. ಕೇಳುವವರಿರಲಿಲ್ಲ. 2010ರಲ್ಲಿ ಮರುಬಿಡುಗಡೆ ಆದಮೇಲೆ ಜಗತ್ತು ಬೆರಗಾಯಿತು. ಮಧ್ಯೆ 28 ವರ್ಷ! ಆ ಮನುಷ್ಯನಿಗೆ 1982ರಲ್ಲಿ "ಇದು ಹ್ಯಾಂಗ ಮಾಡ್ದಿ, ನನಗೂ ತೋರ್ಸು" ಅನ್ನುವ ನಾಲ್ಕು ಜನ ಸಿಕ್ಕಿದ್ದರೆ?

ಈಗ ಹಲಗೆಯ ಕತೆಗೆ ಬರೋಣ. ದೂರದಲ್ಲಿರುವ ಇಬ್ಬರು ಇಂಟರ್ನೆಟ್ಟಿನಲ್ಲಿ ಒಟ್ಟಿಗೆ ನುಡಿಸಿದರೆ ಲಯ ಯಾಕೆ ಹಳ್ಳ ಹಿಡಿಯುತ್ತದೆ?

ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಅಂದರೆ ಹತ್ತು ಮೀಟರ್ ದಾಟಲು ಸುಮಾರು 29 ಮಿಲಿಸೆಕೆಂಡ್. ಒಂದು ಸೆಕೆಂಡಿನಲ್ಲಿ ಸಾವಿರ ಮಿಲಿಸೆಕೆಂಡ್ ಇರುತ್ತವೆ. ಶರಣಬಸವೇಶ್ವರರ ತೇರಿನ ದಿನ ಅತ್ತ ತುದಿಯಲ್ಲಿ ಒಂದು ಹಲಗೆ, ಇತ್ತ ತುದಿಯಲ್ಲಿ ಒಂದು ಹಲಗೆ ಬಾರಿಸುವುದನ್ನು ಕೇಳಿದ್ದರೆ ನಿಮಗೆ ಇದು ಗೊತ್ತಿರುತ್ತದೆ. ಹತ್ತಿರ ಇದ್ದಾಗ ಎರಡೂ ಒಂದೇ ಪೆಟ್ಟು. ಮೂವತ್ತು ಮೀಟರ್ ದೂರ ಆದರೆ ಪೆಟ್ಟು ಎರಡಾಗಿ ಕೇಳುತ್ತದೆ. ಲಯದ ವಾದ್ಯ ನುಡಿಸುವವರು ಸುಮಾರು 25ರಿಂದ 30 ಮಿಲಿಸೆಕೆಂಡ್ ತಡವನ್ನು ತಡೆದುಕೊಳ್ಳುತ್ತಾರೆ. ಅದು ದಾಟಿದರೆ ಕೈ ತೊಡರುತ್ತದೆ.

ಇಂಟರ್ನೆಟ್ಟಿನಲ್ಲಿ ಹೇಗೆ? ಆಪ್ಟಿಕಲ್ ಫೈಬರಿನ ಒಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. 2017ರಲ್ಲಿ ಶುರುವಾದ ಬೀದರ್-ಕಲಬುರಗಿ ರೈಲು ಮಾರ್ಗ ಸುಮಾರು 110 ಕಿಲೋಮೀಟರ್. ಅದರ ಪಕ್ಕದಲ್ಲೇ ನೇರ ಫೈಬರ್ ಎಳೆದರೆ ಒಂದು ಮಿಲಿಸೆಕೆಂಡ್ ಕೂಡ ಬೇಡ. ಲೆಕ್ಕದ ಪ್ರಕಾರ ಬೀದರಿನವನು ನನಗೆ ಒಂದೇ ಕೋಣೆಯಲ್ಲಿ ಕೂತವನಿಗಿಂತ ಹತ್ತಿರ!

ಹಾಗಾದರೆ ತಡ ಎಲ್ಲಿ ಆಗುತ್ತದೆ? ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ. ಮೊದಲನೆಯದು ನಮ್ಮ ಲ್ಯಾಪ್‌ಟಾಪೇ. ಅದು ಸದ್ದನ್ನು ಸೆಕೆಂಡಿಗೆ 44,100 ಚೂರು ಮಾಡುತ್ತದೆ. ಒಂದೊಂದೇ ಚೂರನ್ನು ಕಳಿಸುವುದಿಲ್ಲ, ಬುಟ್ಟಿ ತುಂಬಿದ ಮೇಲೆ ಕಳಿಸುತ್ತದೆ. ಈ ಬುಟ್ಟಿಗೆ ಬಫರ್ ಅನ್ನುತ್ತಾರೆ. 256 ಚೂರಿನ ಬುಟ್ಟಿ ತುಂಬಲು ಸುಮಾರು 6 ಮಿಲಿಸೆಕೆಂಡ್ ಬೇಕು. 1024 ಇಟ್ಟರೆ 23. ಬುಟ್ಟಿ ಸಣ್ಣದು ಮಾಡಿದರೆ ಹಳೆಯ ಲ್ಯಾಪ್‌ಟಾಪಿಗೆ ಉಸಿರು ಹತ್ತಿ ಪಟಪಟ ಒಡಕು ಸದ್ದು ಬರುತ್ತದೆ. ಆಮೇಲೆ ವೈಫೈ, ಮೊಬೈಲ್ ಟವರ್. ಆಮೇಲೆ ದಾರಿ. ಕಲಬುರಗಿಯಿಂದ ಹೊರಟ ಡೇಟಾ ಹುಮನಾಬಾದ್ ಹಾದು ಬೀದರಿಗೆ ಹೋಗಬೇಕೆಂಬ ನಿಯಮ ಏನೂ ಇಲ್ಲ. ಇಬ್ಬರದೂ ಬೇರೆ ಬೇರೆ ಕಂಪನಿಯ ನೆಟ್ ಆದರೆ ಅದು ದೂರದ ಯಾವುದೋ ದೊಡ್ಡ ಊರಿಗೆ ಹೋಗಿ ಹೊರಳಿ ಬರಬಹುದು. ಬಂದ ಮೇಲೆ ಆ ಕಡೆಯ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಬುಟ್ಟಿ. ಇದೆಲ್ಲದರ ಮೇಲೆ ನಮ್ಮ ಹಲಗೆಯವನು ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಕೂತಿದ್ದ. ಅದೊಂದೇ ಸಾಮಾನ್ಯವಾಗಿ 150ರಿಂದ 200 ಮಿಲಿಸೆಕೆಂಡ್ ತಿನ್ನುತ್ತದೆ.

ಮಾತಿಗೆ 150 ಮಿಲಿಸೆಕೆಂಡ್ ತಡ ಒಂದು ಲೆಕ್ಕವೇ ಅಲ್ಲ, ಗೊತ್ತೂ ಆಗುವುದಿಲ್ಲ. ಆದರೆ ಜೋರು ಲಯದಲ್ಲಿ ಎರಡು ಪೆಟ್ಟಿನ ನಡುವೆ ಇರುವುದೇ 250 ಮಿಲಿಸೆಕೆಂಡ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋದರೆ ಸುತ್ತಿನ ಮೊದಲ ಪೆಟ್ಟಾದ ಸಮ ಯಾವುದು, ನಡುವಿನ ಎಡೆ ಯಾವುದು? ಇನ್ನೂ ಒಂದು ಮಜಾ ಇದೆ. ಅವನು ತಡವಾಗಿ ಕೇಳುತ್ತಿದ್ದಾನೆ ಅಂತ ನಾನು ನಿಧಾನ ಮಾಡುತ್ತೇನೆ. ನಾನು ನಿಧಾನ ಮಾಡಿದೆ ಅಂತ ಅವನೂ ನಿಧಾನ ಮಾಡುತ್ತಾನೆ. "ನೀ ಮುಂದ ಹೋಗು", "ಇಲ್ಲ, ನೀ ಮುಂದ ಹೋಗು" ಅನ್ನುತ್ತ ಬಾಗಿಲಲ್ಲೇ ನಿಂತ ಬೀಗರ ಹಾಗೆ, ಐದು ನಿಮಿಷದಲ್ಲಿ ಹಾಡು ನಿಂತೇ ಹೋಗುತ್ತದೆ.

ಇದಕ್ಕೆ ಎರಡು ಮದ್ದು ಇವೆ. ಒಂದು, ತಡವನ್ನು ಎಷ್ಟಾಗುತ್ತೋ ಅಷ್ಟು ಕಡಿಮೆ ಮಾಡುವುದು. ಜಾಮ್ಯುಲಸ್ ಎಂಬ ಉಚಿತ ಸಾಫ್ಟ್‌ವೇರ್ ಇದಕ್ಕೇ ಇದೆ. ವಿಡಿಯೊ ಇಲ್ಲ, ಸದ್ದು ಅಳಿಸುವ ಜಾಣತನ ಇಲ್ಲ. ವೈಫೈ ಬಿಟ್ಟು ವೈರ್ ಹಚ್ಚಬೇಕು, ಇಯರ್‌ಫೋನಿಗೂ ವೈರ್ ಇರಬೇಕು, ಎಲ್ಲರ ಸದ್ದನ್ನು ಕೂಡಿಸಿ ಹಂಚುವ ಸರ್ವರ್ ಕಂಪ್ಯೂಟರ್ ಹತ್ತಿರದಲ್ಲಿ ಇರಬೇಕು. ಇಷ್ಟು ಕೂಡಿದರೆ ಚೆನ್ನಾಗಿ ನಡೆಯುತ್ತದೆ. ನಮ್ಮ ಮೂವರಲ್ಲಿ ಇಬ್ಬರದು ಮೊಬೈಲ್ ಹಾಟ್‌ಸ್ಪಾಟ್. ಆ ಆಸೆ ಬಿಟ್ಟೆವು.

ಎರಡನೆಯದೇ ನನಗೆ ಇಷ್ಟವಾದದ್ದು. ತಡ ಕಡಿಮೆ ಮಾಡುವುದರ ಬದಲು ಜಾಸ್ತಿ ಮಾಡುವುದು. ವಿನ್‌ಆ್ಯಂಪ್ ನೆನಪಿದೆಯಾ, ಎಂಪಿ3 ಕಾಲದ ಆ ಪ್ಲೇಯರ್? ಅದನ್ನು ಮಾಡಿದ ಜಸ್ಟಿನ್ ಫ್ರಾಂಕಲ್ ಮತ್ತು ಅವರ ಜೊತೆಗಾರರು 2005ರಲ್ಲಿ ನಿಂಜಾಮ್ ಎಂಬ ಉಪಾಯ ತಂದರು. ಮೊದಲು ಎಲ್ಲರೂ ಲಯ ಮತ್ತು ಸುತ್ತಿನ ಉದ್ದ ಒಪ್ಪಿಕೊಳ್ಳಬೇಕು. ನಿಮಿಷಕ್ಕೆ 120 ಪೆಟ್ಟು, ಸುತ್ತಿಗೆ 16 ಪೆಟ್ಟು ಅಂದುಕೊಳ್ಳಿ. ಸುತ್ತು 8 ಸೆಕೆಂಡಿನದು. ನಾನು ಈ ಸುತ್ತಿನಲ್ಲಿ ನುಡಿಸಿದ್ದು ಯಾದಗಿರಿಯವನಿಗೆ ಮುಂದಿನ ಸುತ್ತಿನಲ್ಲಿ, ಸರಿಯಾಗಿ ಸಮಕ್ಕೆ ಕೇಳುತ್ತದೆ. ಅವನದು ನನಗೂ ಹಾಗೇ. 150 ಮಿಲಿಸೆಕೆಂಡ್ ತಡವಾದರೆ ಲಯ ಕೆಡುತ್ತದೆ. ಪೂರಾ ಒಂದು ಸುತ್ತು ತಡವಾದರೆ ಕೆಡುವುದೇ ಇಲ್ಲ, ಯಾಕೆಂದರೆ ಸಮದ ಮೇಲೆ ಸಮ ಬಂದು ಬೀಳುತ್ತದೆ.

ಇದರ ಅರ್ಥ ಸ್ವಲ್ಪ ವಿಚಿತ್ರ. ಮೂವರೂ ಒಂದೇ ಕಛೇರಿ ಕೇಳುತ್ತಿಲ್ಲ. ನನ್ನ ಕಿವಿಯಲ್ಲಿ ಈಗಿನ ನಾನು, ಎಂಟು ಸೆಕೆಂಡ್ ಹಿಂದಿನ ಅವರಿಬ್ಬರು. ಯಾದಗಿರಿಯವನ ಕಿವಿಯಲ್ಲಿ ಈಗಿನ ಅವನು, ಎಂಟು ಸೆಕೆಂಡ್ ಹಿಂದಿನ ನಾನು. ಮೂರು ಊರು, ಮೂರು ಬೇರೆ ಹಾಡು, ಮೂರೂ ಸರಿ.

ಪಾಶ್ಚಾತ್ಯ ರಾಕ್ ಹಾಡಿಗೆ ಇದು ಕಷ್ಟ. ಅದರಲ್ಲಿ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬದಲಾಗುತ್ತಲೇ ಇರುತ್ತದೆ, ಹಿಂದಿನ ಸುತ್ತಿನ ಕಾರ್ಡ್ ಈ ಸುತ್ತಿಗೆ ಬಂದರೆ ಜಗಳ. ನಮಗೆ ಆ ತಲೆನೋವು ಕಡಿಮೆ. ಏಕತಾರಿ ಒಂದೇ ಷಡ್ಜದ ಮೇಲೆ ಇಡೀ ರಾತ್ರಿ ಕೂತಿರುತ್ತದೆ. ತೀನ್‌ತಾಲಕ್ಕೆ 16 ಮಾತ್ರೆ, ಸುತ್ತಿಗೂ 16. ಭಜನಿ ಮೇಳದಲ್ಲಿ ಒಬ್ಬರು ಸಾಲು ಹಾಡುತ್ತಾರೆ, ಹಿಂದಿನವರು ಅದನ್ನೇ ಹಿಡಿದು ತಿರುಗಿ ಹಾಡುತ್ತಾರೆ. ಒಂದು ಸುತ್ತು ತಡವಾಗಿ ಉತ್ತರ ಕೊಡುವುದು ನಮ್ಮ ಕಡೆ ಹೊಸದೇನಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಒಟ್ಟಿಗೆ ನುಡಿಸುವುದು ಬಳಗದ ಸಣ್ಣ ಭಾಗ. ನಿಜವಾದ ಬಳಗ ಬೆಳೆಯುವುದು ಫೈಲುಗಳು ಕೈಯಿಂದ ಕೈಗೆ ಹೋಗುವಲ್ಲಿ. ಅದೂ ಮುಗಿದ ಹಾಡಿನ ಫೈಲಲ್ಲ, ಅರ್ಧ ಆದ ಹಾಡಿನದು.

ಮುಗಿದ ಹಾಡು ಹಂಚುವುದು ನಮಗೆ ಮೊದಲಿಂದ ಗೊತ್ತು. ಹದಿನೈದು ವರ್ಷದ ಹಿಂದೆ ಸೂಪರ್ ಮಾರ್ಕೆಟ್ ಕಡೆಯ ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡಿಗೆ ಹಾಡು ಹಾಕಿಸಿಕೊಳ್ಳುತ್ತಿದ್ದೆವು. ಜಾತ್ರೆಗೆ, ಗಣಪತಿಗೆ ಮಾಡಿದ ಡಿಜೆ ರಿಮಿಕ್ಸುಗಳು ಹಾಗೇ ಊರೂರು ಸುತ್ತುತ್ತಿದ್ದವು. ಎಲೆಕ್ಟ್ರಾನಿಕ್ ಸಂಗೀತ ಅಂದರೆ ಬೆಂಗಳೂರಿನ ಕ್ಲಬ್ಬಿನದು ಅಂತ ತಿಳಿಯುವವರು ಈ ಹುಡುಗರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಪ್ರಕಾರ ನಮ್ಮ ಮೂರೂ ಜಿಲ್ಲೆಯಲ್ಲಿ ಈ ಕೆಲಸ ಬಲ್ಲವರು ಅವರೇ. ಹಾಡಿನ ನಡುವೆ "ಡಿಜೆ ಇಂಥವರು" ಅಂತ ಒಂದು ಕೂಗು ಬರುತ್ತಲ್ಲ, ಅದು ಸುಮ್ನೆ ಜಂಬ ಅಲ್ಲ. ಅದು ಅವರ ಸಹಿ, ವಿಳಾಸದ ಚೀಟಿ, ಕಳ್ಳರಿಗೆ ಬೀಗ, ಎಲ್ಲವೂ. ಮಧ್ಯರಾತ್ರಿ ಆಸ್ಪತ್ರೆ ಓಣಿಯಲ್ಲಿ ಎದೆ ನಡುಗಿಸುವ ಬೇಸ್ ಹಚ್ಚಿದಾಗ ನನಗೂ ಸಿಟ್ಟು ಬರುತ್ತದೆ. ಅದು ಬೇರೆ ಮಾತು.

ಈ ಹುಡುಗರೇ ಮೊದಲು ಕಂಡುಕೊಂಡ ಒಂದು ವಿಷಯ ಇದೆ. ಎಫ್‌ಎಲ್ ಸ್ಟುಡಿಯೊ ಮೊಬೈಲ್ ಎಂಬ ಆ್ಯಪಿನಲ್ಲಿ ಹಾಡು ಮಾಡಿದರೆ ಅದರ ಪ್ರಾಜೆಕ್ಟ್ ಫೈಲ್‌ಗೆ ಎಫ್‌ಎಲ್‌ಎಂ ಅನ್ನುವ ಬಾಲ ಇರುತ್ತದೆ. ಎಂಪಿ3 ಕೊಟ್ಟರೆ ಕೇಳಬಹುದು ಅಷ್ಟೇ. ಎಫ್‌ಎಲ್‌ಎಂ ಕೊಟ್ಟರೆ ಒಳಗೆ ಹೋಗಬಹುದು. ಡೋಲನ್ನು ಎಲ್ಲಿ ಕೂರಿಸಿದ್ದಾನೆ, ಬೇಸನ್ನು ಎಷ್ಟು ಒತ್ತಿದ್ದಾನೆ, ಯಾವ ಗುಂಡಿ ತಿರುಗಿಸಿ ಆ ಸದ್ದು ತಂದಿದ್ದಾನೆ ಎಲ್ಲ ಕಾಣುತ್ತದೆ. ಹೋಳಿಗೆ ತಿನ್ನುವುದಕ್ಕೂ ಅಡುಗೆಮನೆಯಲ್ಲಿ ನಿಂತು ಕಣಕ ಹದ ಮಾಡುವುದನ್ನು ನೋಡುವುದಕ್ಕೂ ಇರುವ ವ್ಯತ್ಯಾಸ ಇದು. "ಅಣ್ಣಾ, ಎಫ್‌ಎಲ್‌ಎಂ ಕೊಡ್ರೀ" ಅಂತ ಕೇಳಿದವನಿಗೆ ಕೊಟ್ಟ ದಿನದಿಂದ ಅವನು ನಿಮ್ಮ ಶಿಷ್ಯನೂ ಹೌದು, ನಾಳೆಯ ಪೈಪೋಟಿಗಾರನೂ ಹೌದು.

ಇದೇ ವಿಚಾರವನ್ನು ಹಾಡು ಮಾಡುವ ಸಿಂಗಾಪುರದ ಆ್ಯಪ್ ಬ್ಯಾಂಡ್‌ಲ್ಯಾಬ್ ಒಂದು ಗುಂಡಿಯಾಗಿ ಮಾಡಿಟ್ಟಿದೆ. ಫೋನಿನಲ್ಲೂ ಬ್ರೌಸರಿನಲ್ಲೂ ಉಚಿತ. 2024ರಲ್ಲಿ ಅದನ್ನು ಬಳಸುವವರ ಲೆಕ್ಕ ಹತ್ತು ಕೋಟಿ ದಾಟಿತು. ಅದರಲ್ಲಿ ನಿಮ್ಮ ಹಾಡಿಗೆ ಫೋರ್ಕ್ ಮಾಡಲು ಒಪ್ಪಿಗೆ ಕೊಟ್ಟರೆ ಯಾರು ಬೇಕಾದರೂ ಅದರ ಒಂದು ಪ್ರತಿ ತೆಗೆದು ಮುಂದುವರಿಸಬಹುದು. ನಿಮ್ಮ ಮೂಲ ಹಾಗೇ ಇರುತ್ತದೆ. ಫೋರ್ಕ್ ಅಂದರೆ ಕವಲು. ಯಾದಗಿರಿಯವನು ಹಾಕಿದ ಒಂದು ಹಲಗೆಯ ತುಣುಕಿಗೆ ಪರಿಚಯವೇ ಇಲ್ಲದ ಯಾರೋ ಪಿಯಾನೊ ಸೇರಿಸಿದ್ದರು. ಅವನಿಗೆ ಆದ ಖುಷಿ ಸಾವಿರ ಲೈಕಿಗೂ ಆಗುತ್ತಿರಲಿಲ್ಲ.

ಎಲ್ಲರೂ ಒಂದೇ ಸಾಫ್ಟ್‌ವೇರ್ ಬಳಸದಿದ್ದರೆ ಮಾತ್ರ ಪೇಚಾಟ. ನನ್ನ ಪ್ರಾಜೆಕ್ಟ್ ಅವನಲ್ಲಿ ತೆರೆಯುವುದಿಲ್ಲ, ತೆರೆದರೂ ಅರ್ಧ ಪ್ಲಗಿನ್, ಅಂದರೆ ಒಳಗೆ ಜೋಡಿಸುವ ಸಣ್ಣ ಸಾಫ್ಟ್‌ವೇರ್, ಇಲ್ಲ ಅನ್ನುತ್ತದೆ. ಆಗ ಸ್ಟೆಮ್ ಕಳಿಸಬೇಕು. ಅಂದರೆ ಡೋಲು ಒಂದು ಫೈಲ್, ಬೇಸ್ ಒಂದು ಫೈಲ್, ದನಿ ಒಂದು ಫೈಲ್. ಇದರಲ್ಲಿ ನಾವು ಕೆಟ್ಟು ಕಲಿತದ್ದು ಇಷ್ಟು. ದನಿ ಬರುವುದು ಎರಡನೇ ನಿಮಿಷಕ್ಕೇ ಇರಲಿ, ಪ್ರತಿ ಫೈಲೂ ಸೊನ್ನೆಯಿಂದ ಶುರುವಾಗಬೇಕು. ಇಲ್ಲದಿದ್ದರೆ ಎಲ್ಲಿ ಕೂರಿಸುವುದು ಅಂತ ಹುಡುಕುತ್ತ ಒಂದು ಸಂಜೆ ಹೋಗುತ್ತದೆ. ಫೈಲಿನ ಹೆಸರಲ್ಲೇ ಲಯ ಎಷ್ಟು, ಶ್ರುತಿ ಯಾವುದು ಬರೆಯಬೇಕು. ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಅಂತಲೇ ಕಳಿಸಬೇಕು. 24 ಬಿಟ್ಟಿನ ಸ್ಟೀರಿಯೊ ವೇವ್ ಫೈಲ್ ನಿಮಿಷಕ್ಕೆ ಸುಮಾರು 15 ಎಂಬಿ. ಐದು ನಿಮಿಷದ ಹಾಡಿಗೆ ಹನ್ನೆರಡು ಸ್ಟೆಮ್ ಅಂದರೆ ಹತ್ತಿರ ಹತ್ತಿರ ಒಂದು ಜಿಬಿ. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗ ಆಗದಿದ್ದರೆ ಈ ಆಟ ನಮಗೆ ಎಟುಕುತ್ತಿರಲಿಲ್ಲ.

ಡೇಟಾ ಉಳಿಸಬೇಕೆಂದರೆ ಮಿಡಿ ಇದೆ. 1983ರಲ್ಲಿ ಬಂದದ್ದು. ಬೇರೆ ಬೇರೆ ಕಂಪನಿಯ ಯಂತ್ರಗಳು ಮಾತಾಡಿಕೊಳ್ಳಲಿ ಅಂತ ರೋಲ್ಯಾಂಡಿನ ಇಕುಟಾರೊ ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್ ಮುಂದೆ ನಿಂತು ಮಾಡಿಸಿದ್ದು. ಮಿಡಿಯಲ್ಲಿ ಸದ್ದೇ ಇರುವುದಿಲ್ಲ. ಯಾವ ಸ್ವರ, ಎಷ್ಟು ಜೋರು, ಯಾವಾಗ ಬಿಡಬೇಕು ಅನ್ನುವ ಸೂಚನೆ ಮಾತ್ರ. ಯಾದಗಿರಿಯವನ ಹಲಗೆಯ ನಡೆ ಕೆಲವೇ ಕೆಬಿಯಲ್ಲಿ ಬರುತ್ತದೆ. ನಾನು ಅದನ್ನು ನಮ್ಮನೆಯ ಸ್ಟೀಲ್ ತಾಟಿನ ಸದ್ದಿಗೆ ಹಚ್ಚಿದರೆ ಅವನ ಕೈ ನನ್ನ ತಾಟಿನ ಮೇಲೆ ಆಡುತ್ತದೆ. ಕೊರತೆಯೂ ಇದೆ. ಮಿಡಿ ಹುಟ್ಟಿದ್ದು ಪಿಯಾನೊ ಮನೆಗಳ ಲೆಕ್ಕದಲ್ಲಿ. ತತ್ವಪದ ಹಾಡುವವರ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಲ್ಲ, ಅದನ್ನು ಹಿಡಿಯಲು ಪಿಚ್ ಬೆಂಡ್ ಎಳೆಯಬೇಕು. ಎಳೆದರೆ ಆ ಚಾನೆಲಿನಲ್ಲಿರುವ ಎಲ್ಲ ಸ್ವರವೂ ಒಟ್ಟಿಗೆ ಜಾರುತ್ತವೆ. ಒಂದೊಂದು ಸ್ವರಕ್ಕೂ ಬೇರೆ ಚಾನೆಲ್ ಕೊಡುವ ಎಂಪಿಇ ಪದ್ಧತಿ 2018ರಲ್ಲಿ ಬಂದ ಮೇಲೆ ಸ್ವಲ್ಪ ಬಚಾವ್.

ಇದಕ್ಕಿಂತ ಹಗುರವಾದ ದಾರಿ ಕೂಡ ಇದೆ. ಹಾಡನ್ನೇ ಅಕ್ಷರದಲ್ಲಿ, ಕಂಪ್ಯೂಟರ್ ಓದಿ ನುಡಿಸುವ ಸಾಲುಗಳಾಗಿ ಬರೆಯುವುದು. ಲೈವ್ ಕೋಡಿಂಗ್ ಅನ್ನುತ್ತಾರೆ. ಇಂಗ್ಲೆಂಡಿನ ಆ್ಯಲೆಕ್ಸ್ ಮೆಕ್‌ಲೀನ್ ಮಾಡಿದ ಟೈಡಲ್‌ಸೈಕಲ್ಸ್, ಅದೇ ಬಳಗದಿಂದ ಬ್ರೌಸರಿಗೆ ಬಂದ ಸ್ಟ್ರೂಡೆಲ್ ಇವೆಲ್ಲ ಉಚಿತ. ಇದರ ಬೇರು ಎಲ್ಲಿದೆ ನೋಡಿ. 1980ರ ದಶಕದ ಆರಂಭದಲ್ಲಿ ಜಿಮ್ ಕಿಪ್ಪನ್ ಎಂಬವರು ಲಖನೌದಲ್ಲಿ ತಬಲಾ ಕಲಿಯುತ್ತಿದ್ದರು. ಕಾಯ್ದಾ ಅನ್ನುವ ತಬಲಾ ರಚನೆಗಳು ಹೇಗೆ ಬೆಳೆಯುತ್ತವೆ ಅಂತ ಅರ್ಥ ಮಾಡಿಕೊಳ್ಳಲು ಫ್ರಾನ್ಸಿನ ಬರ್ನಾರ್ಡ್ ಬೆಲ್ ಅವರಿಗೆ ಬೋಲ್ ಪ್ರೊಸೆಸರ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಟ್ಟರು. ಟೈಡಲ್‌ನ ಬರವಣಿಗೆಯ ರೀತಿ ಅದರಿಂದ ಪ್ರೇರಣೆ ಪಡೆದದ್ದು. ಅಕ್ಷರ ಇಂಗ್ಲಿಷಿನವು, ಕ್ರಮ ಮಾತ್ರ ತಬಲಾ ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಬೋಲಿನದು. ಒಂದು ಸುತ್ತಿನಲ್ಲಿ "ಧಾ ಧಿನ್ ಧಿನ್ ಧಾ" ಅಂತ ನಾಲ್ಕು ಬರೆದರೆ ಪ್ರತಿಯೊಂದಕ್ಕೂ ಕಾಲು ಪಾಲು. "ಧಾ [ಧಿನ್ ಧಿನ್] ಧಾ" ಅಂತ ಬರೆದರೆ ಮೂರು ಪಾಲು, ನಡುವಿನ ಪಾಲಿನಲ್ಲಿ ಎರಡು ಪೆಟ್ಟು. ಇಷ್ಟೇ. ಇಡೀ ಹಾಡು ಆರೇಳು ಸಾಲು. ಒಂದು ವಾಟ್ಸ್‌ಆ್ಯಪ್ ಮೆಸೇಜಿನಲ್ಲಿ ಹಿಡಿಸುತ್ತದೆ. ನೀವು ಒಂದು ಅಕ್ಷರ ಬದಲಿಸಿ ವಾಪಸ್ ಕಳಿಸಬಹುದು. ಹಳ್ಳಿಯ ಎರಡು ಗೀಟಿನ ನೆಟ್‌ವರ್ಕಿಗೆ ಇದಕ್ಕಿಂತ ಒಳ್ಳೆಯ ವಾದ್ಯ ನಾನು ಕಂಡಿಲ್ಲ.

ದುಡ್ಡಿನ ವಿಚಾರ ಜಾಸ್ತಿ ಎಳೆಯುವುದಿಲ್ಲ, ಯಾಕೆಂದರೆ ದುಡ್ಡೂ ಜಾಸ್ತಿ ಇಲ್ಲ. ದೊಡ್ಡ ಸ್ಟ್ರೀಮಿಂಗ್ ಕಂಪನಿಗಳಲ್ಲಿ ಸಾಮಾನ್ಯವಾಗಿ ಎಲ್ಲರ ಹಣ ಒಂದೇ ಹುಂಡಿಗೆ ಬೀಳುತ್ತದೆ, ಒಟ್ಟು ಕೇಳುವಿಕೆಯ ಲೆಕ್ಕದಲ್ಲಿ ಹಂಚಿಕೆಯಾಗುತ್ತದೆ. ನಮ್ಮ ಅತ್ತಿಗೆ ತಿಂಗಳಿಡೀ ನನ್ನ ಹಾಡೊಂದನ್ನೇ ಕೇಳಿದರೂ ಅವರ ಚಂದಾದ ಬಹುಪಾಲು ಹೋಗುವುದು ಅವರು ಕೇಳದ ದೊಡ್ಡ ತಾರೆಗಳಿಗೆ. ಸ್ಪಾಟಿಫೈಯಲ್ಲಿ 2024ರಿಂದ, ಹಿಂದಿನ 12 ತಿಂಗಳಲ್ಲಿ ಸಾವಿರ ಸಲ ಕೇಳದ ಹಾಡಿಗೆ ರಾಯಲ್ಟಿ ಲೆಕ್ಕಕ್ಕೇ ಬರುವುದಿಲ್ಲ. ಬ್ಯಾಂಡ್‌ಕ್ಯಾಂಪ್ ಎಂಬ ಹಾಡು ಮಾರುವ ತಾಣ ಬೇರೆ ಥರ. ಕೇಳುಗರು ನೇರ ಕೊಳ್ಳುತ್ತಾರೆ, ಡಿಜಿಟಲ್ ಹಾಡಿನ ಮೇಲೆ ಅದು 15 ಪರ್ಸೆಂಟ್ ಹಿಡಿಯುತ್ತದೆ. ಆದರೆ ಅಂಥ ಮನೆಗೂ ಎರಡು ಸಲ ಒಡೆಯರು ಬದಲಾದರು, 2022ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ. ಎರಡನೇ ಸಲ ಸುಮಾರು ಅರ್ಧ ಸಿಬ್ಬಂದಿ ಮನೆಗೆ ಹೋದರು. ಬಾಡಿಗೆ ಮನೆಯಲ್ಲಿ ಇದ್ದೇವೆ ಅನ್ನುವುದು ನೆನಪಿರಬೇಕು. ಹಾಡಿನ ಮೂಲ ಫೈಲು, ಬಳಗದವರ ಫೋನ್ ನಂಬರು ಎರಡೂ ನಮ್ಮ ಹತ್ತಿರ ಇರಬೇಕು.

ಹಕ್ಕಿನ ಬಗ್ಗೆ ಒಂದು ಮಾತು ಹೇಳದೆ ಬಿಡಲಾರೆ. ಕಡಕೋಳದ ಮಡಿವಾಳಪ್ಪನವರ ತತ್ವಪದಕ್ಕೆ ಈಗ ಕಾಪಿರೈಟ್ ಇಲ್ಲ. ಬರೆದವರು ತೀರಿದ ಮೇಲೆ 60 ವರ್ಷದವರೆಗೆ ಅಂತ ನಮ್ಮ ಕಾಯ್ದೆ, ಅದು ಎಂದೋ ಮುಗಿದಿದೆ. ಆದರೆ ಮೊನ್ನೆ ಮಠದಲ್ಲಿ ಅದನ್ನು ಹಾಡಿದ ಅಜ್ಜನ ದನಿ ಯಾರಪ್ಪನ ಆಸ್ತಿಯೂ ಅಲ್ಲ ಅಂತ ತಿಳಿಯಬಾರದು. ಹಾಡಿದವರಿಗೂ ಹಕ್ಕಿದೆ, ರೆಕಾರ್ಡಿಗೂ ಬೇರೆ ಹಕ್ಕಿದೆ. ಫೋನಿನಲ್ಲಿ ಹಿಡಿದು, ಕೆಳಗೆ ಒಂದು ಬೀಟ್ ಹಚ್ಚಿ, ನಮ್ಮ ಹೆಸರು ಹಾಕಿಕೊಳ್ಳುವುದು ಈಗ ತುಂಬಾ ನಡೆದಿದೆ. ಹೋಗಿ ಕೇಳಿ, ಹೆಸರು ಹಾಕಿ, ಬಂದದ್ದರಲ್ಲಿ ಪಾಲು ಕೊಡಿ. ಯುಪಿಐ ಇರುವ ಕಾಲದಲ್ಲಿ ನೂರು ರೂಪಾಯಿ ಕಳಿಸಲು ಎಷ್ಟು ಹೊತ್ತು?

ಹೋದ ವಾರ ನಿಂಜಾಮಿನಲ್ಲಿ ಕೂತಿದ್ದೆವು. ಈ ಸಲ ಶ್ರುತಿಯೂ ಉಳಿಯಿತು, ಕೂಲರ್ ಸದ್ದೂ ಉಳಿಯಿತು. ಕೂಲರನ್ನೇ ಒಂದು ವಾದ್ಯ ಅಂದುಕೊಂಡೆವು. ಅಮ್ಮ ಬಾಗಿಲಲ್ಲಿ ನಿಂತು, "ಏನ್ ಮಾಡ್ಲಕತ್ತೀಯೋ, ಮಿಕ್ಸರ್ ತಿರುಗ್ದಂಗ ಕೇಳ್ತದ" ಅಂದು ಹೋದರು. ಅರ್ಧ ಗಂಟೆ ಆದಮೇಲೆ ನಮ್ಮ ಓಣಿಯ ಕರೆಂಟ್ ಹೋಯಿತು. ಕೂಲರ್, ರೂಟರ್ ಎರಡೂ ಒಟ್ಟಿಗೆ ನಿಂತವು. ಕತ್ತಲಲ್ಲಿ ಸುಮ್ಮನೆ ಕೂತಿದ್ದೆ. ಹತ್ತು ಸೆಕೆಂಡ್ ಬಿಟ್ಟು ಯಾದಗಿರಿಯವನ ಫೋನು.

"ಯಾಕೋ ಬಿಟ್ಟಿ?"

"ಕರೆಂಟ್ ಹೋಯ್ತು, ಆಗ್ಲೇ."

"ಹೌದಾ? ನನಗ ಇನ್ನಾ ಕೇಳ್ಲಕತ್ತಿತ್ತಲ್ಲೋ. ಸುತ್ತು ಮುಗಿಸೇ ಹೋದಿ."